ನೆಟ್‌ವರ್ಕ್ ಕಡಿಮೆ ಇರುವ ಕಡೆ: ಲೈವ್ ತರಗತಿಯೋ, ವಿಡಿಯೊವೋ, ಆಡಿಯೊವೋ?

ಪದವಿ ತರಗತಿಗೆ ಆಯ್ಕೆ ಮಾಡುವ ಮೊದಲು ಡೇಟಾ ಲೆಕ್ಕ ಹಾಕಿ. 500 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವಿಡಿಯೊಗೆ ಗಂಟೆಗೆ 225 ಎಂಬಿ ಬೇಕು. 32 ಕೆಬಿಪಿಎಸ್ ಆಡಿಯೊಗೆ ಬರೀ 14. ಮನೆಯಲ್ಲಿ ಒಂದೇ ಫೋನ್ ಇದ್ದು ಇಬ್ಬರು ಓದುವವರಿದ್ದರೆ ಈ ವ್ಯತ್ಯಾಸ ದೊಡ್ಡದು.

ಲೈವ್ ತರಗತಿಯಲ್ಲಿ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಆದರೆ ಮಲೆನಾಡಿನ ಮಳೆಗೆ ಸಿಗ್ನಲ್ ಹೋದರೆ ಪಾಠವೂ ಹೋಯಿತು.

ಇತಿಹಾಸ, ಸಾಹಿತ್ಯಕ್ಕೆ ಆಡಿಯೊ ಮತ್ತು ಪಿಡಿಎಫ್ ಸಾಕು. ಗಣಿತ, ಪ್ರಯೋಗಗಳಿಗೆ ವಿಡಿಯೊವೇ ಬೇಕು. ಹತ್ತು ನಿಮಿಷದ ತುಂಡುಗಳಾಗಿ ಮಾಡಿ, ಡೌನ್‌ಲೋಡ್ ಅರ್ಧಕ್ಕೆ ನಿಂತರೂ ನಷ್ಟ ಕಡಿಮೆ. ಆನ್‌ಲೈನ್ ಪಾಠಗಳ ಮೂಡಲ್ (Moodle) ಆ್ಯಪ್‌ನಲ್ಲಿ ಇವನ್ನು ಕಾಲೇಜಿನ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಅದರಲ್ಲಿ ಆಫ್‌ಲೈನ್ ಕ್ವಿಜ್ ಕೊಡುವುದಾದರೆ ಕ್ವಿಜ್‌ನ ಸೆಟ್ಟಿಂಗ್‌ನಲ್ಲಿ ಆಫ್‌ಲೈನ್ ಅನುಮತಿ ಆನ್ ಮಾಡಿ, ಸಮಯದ ಮಿತಿ ಇಡಬೇಡಿ. ಇಟ್ಟರೆ ಆಫ್‌ಲೈನ್‌ನಲ್ಲಿ ತೆರೆಯುವುದಿಲ್ಲ.