ಪಾಯಿಂಟಾ, ಸಿಡಿಐಯಾ? ನಮ್ಮ ಯೆಜ್ಡಿಯ ಎರಡು ಪ್ಲಗ್ ನೋಡಿ

ಎದುರಿಗೆ ಎರಡು ಹಳೇ ಸ್ಪಾರ್ಕ್ ಪ್ಲಗ್ (ಇಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡೋದು) ಇಟ್ಟುಕೊಂಡು ಬರೆಯುತ್ತಿದ್ದೇನೆ. ಎರಡೂ ಒಂದೇ ನಂಬರಿನವು, ಹಾಕುವಾಗ ಕಿಡಿ ಹಾರುವ ಗ್ಯಾಪ್ 0.6 ಮಿ.ಮೀ. ಗಾಡಿಯೂ ಒಂದೇ: ಅಪ್ಪನ ಯೆಜ್ಡಿ ಬೈಕ್, 1996ರಲ್ಲಿ ಮುಚ್ಚಿದ ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯದ್ದು. ಮೊದಲ ಪ್ಲಗ್ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಹಳೇ ಕಾಲದ ಸ್ವಿಚ್) ಇದ್ದಾಗ ಓಡಿದ್ದು, ಎರಡನೆಯದು ಸಿಡಿಐ ಕಿಟ್ (ಅದೇ ಕೆಲಸವನ್ನು ಕೆಪ್ಯಾಸಿಟರ್‌ನಿಂದ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದ ಮೇಲೆ. ತಲಾ 4000 ಕಿ.ಮೀ., ಮೈಸೂರು–ಮಂಡ್ಯ. ಹೈವೇ ಮೇಲೆ ಬೈಕ್ ಬಿಡಲ್ಲ ಅಲ್ವಾ, ಎಲ್ಲಾ ಸರ್ವಿಸ್ ರೋಡೇ. ಪ್ರತಿ ರೋಡ್ ಹಂಪ್‌ಗೂ ಒಂದು ಸಲ ಥ್ರಾಟಲ್ ಬಿಡಬೇಕು, ಪ್ಲಗ್‌ಗೆ ಮಸಿ ಕಟ್ಟೋಕೆ ಅಷ್ಟು ಸಾಕು.

ಪಾಯಿಂಟಿನ ಪ್ಲಗ್‌ನಲ್ಲಿ ನಡುಕಡ್ಡಿಯ ಅಂಚು ಬಳಸಿದ ಸೀಮೆಸುಣ್ಣದ ಹಾಗೆ ಗುಂಡಗಾಗಿದೆ. ಗ್ಯಾಪ್ ಅಳೆಯುವ ಫೀಲರ್ ಗೇಜಿನ 0.7ರ ಎಲೆ ಸಲೀಸಾಗಿ ತೂರುತ್ತದೆ. ಸಿಡಿಐ ಪ್ಲಗ್‌ನ ಅಂಚು ಇನ್ನೂ ಬೆರಳಿಗೆ ತಾಗುತ್ತದೆ, 0.65ರ ಎಲೆ ಬಿಗಿಯಾಗಿ ಹೋಗುತ್ತದೆ.

ಪಾಯಿಂಟ್ ತೆರೆದಾಗ ಕಾಯಿಲ್‌ನಲ್ಲಿ (ವೋಲ್ಟೇಜ್ ಏರಿಸುವ ತಂತಿಸುರುಳಿ) ತುಂಬಿದ ಶಕ್ತಿ ನಿಧಾನವಾಗಿ ಖಾಲಿಯಾಗುತ್ತದೆ. ಕಿಡಿ ಸುಮಾರು ಒಂದು ಮಿಲಿಸೆಕೆಂಡ್ ಉರಿಯುತ್ತದೆ, ಲೋಹ ಸವೆಯುತ್ತದೆ. ಸಿಡಿಐನಲ್ಲಿ ಕೆಪ್ಯಾಸಿಟರ್ ತನ್ನಲ್ಲಿರುವುದನ್ನೆಲ್ಲ ಒಮ್ಮೆಲೇ ಸುರಿದುಬಿಡುತ್ತದೆ. ಕಿಡಿ ಜೋರು, ಆದರೆ ಕಿಡಿಯ ಆಯಸ್ಸು ಕಮ್ಮಿ, ಹಾಗಾಗಿ ಸವೆತವೂ ಕಮ್ಮಿ. ನಮ್ಮ ಗಾಡಿಯಂಥ ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಒಂದು ಸುತ್ತು ಬಂದರೆ ಒಂದು ಕಿಡಿ, 4000 ಆರ್‌ಪಿಎಂಗೆ ನಿಮಿಷಕ್ಕೆ 4000. ಹಾಗಾಗಿ ಈ ವ್ಯತ್ಯಾಸ ಬೇಗ ಎದ್ದು ಕಾಣುತ್ತದೆ.

ಆದರೆ ನಿಜ ಹೇಳಬೇಕೆಂದರೆ, ನಮ್ಮ ಗಾಡಿಯಲ್ಲಿ ಪ್ಲಗ್ ಸವೆದು ಸತ್ತಿದ್ದು ಕಮ್ಮಿ, ಪೆಟ್ರೋಲ್‌ಗೆ ಬೆರೆಸುವ ಆಯಿಲ್‌ನ ಮಸಿಯಿಂದ ಸತ್ತಿದ್ದೇ ಜಾಸ್ತಿ. ಪಾಯಿಂಟಿನ ವೋಲ್ಟೇಜ್ ನಿಧಾನವಾಗಿ ಏರುತ್ತದೆ, ಮಸಿಯ ಮೇಲೆ ಸೋರಿಹೋಗುತ್ತದೆ. ಬೆಳಿಗ್ಗೆ ಪ್ಲಗ್ ಬಿಚ್ಚಿ ಒರೆಸುವುದು ನನಗೆ ಹಲ್ಲುಜ್ಜಿದಷ್ಟೇ ರೂಢಿಯಾಗಿತ್ತು. ಸಿಡಿಐಯ ಏರಿಕೆ ಎಷ್ಟು ವೇಗ ಅಂದರೆ ಸೋರೋಕೆ ಸಮಯವೇ ಇಲ್ಲ. ಅದು ಬಂದ ಮೇಲೆ ಪ್ಲಗ್ ಸ್ಪ್ಯಾನರ್ ಎಲ್ಲಿಟ್ಟೆ ಅಂತಲೇ ಮರೆತಿದ್ದೆ.

ಇನ್ನೊಂದು ಪ್ಲಗ್ ಇದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪಾಯಿಂಟ್ ಕಾಲದಲ್ಲಿ ಯಾರೋ ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲು ಮಾಡಿದ್ದರು. ಕಿಡಿ ಉಲ್ಟಾ ಹಾರಿ, ನಡುಕಡ್ಡಿ ಬಿಟ್ಟು ಬಗ್ಗಿದ ಕಡ್ಡಿಯಲ್ಲೇ ತಟ್ಟೆ ಥರ ಗುಳಿ ಬಿದ್ದಿದೆ. ಹೀಗೆ ಕಂಡರೆ ಪ್ಲಗ್ ಬೈಯುವ ಮೊದಲು ವೈರ್ ನೋಡಿ.

ಸಿಡಿಐಯಲ್ಲಿ ಇಷ್ಟವಾಗದ್ದು? ಥ್ರಾಟಲ್ ಸ್ವಲ್ಪವೇ ತೆರೆದಾಗ ಗಾಡಿ ಡುಗುಡುಗು ಅನ್ನುತ್ತದೆ, ಕಿಡಿ ಅಷ್ಟು ಬೇಗ ಆರಿಹೋಗುತ್ತಲ್ವಾ. ಸಿಡಿಐ ಪೆಟ್ಟಿಗೆ ಕೆಟ್ಟರೆ ಗಾಡಿ ತಳ್ಳುವುದೊಂದೇ ದಾರಿ. ಪಾಯಿಂಟ್ ಕೆಟ್ಟಾಗ ಶ್ರೀರಂಗಪಟ್ಟಣದ ಬಸ್ ಸ್ಟಾಪಿನಲ್ಲಿ ಕೂತು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, 0.4 ಗ್ಯಾಪ್ ಇಟ್ಟು ಮನೆಗೆ ಬಂದಿದ್ದೇನೆ.

ದಿನಾ ಓಡಿಸುವ ನನಗೆ ಸಿಡಿಐಯೇ ಸರಿ. ಭಾನುವಾರ ಮಾತ್ರ ಗಾಡಿ ತೆಗೆಯುವವರು ಪ್ಲಗ್ ಉಳಿಸೋಕೆ ಅಂತ ಸುಮ್ನೆ ಕಿಟ್ ಹಾಕಿಸಬೇಡಿ. ಆ ದುಡ್ಡಿಗೆ ಒಂದು ಡಬ್ಬ ಪ್ಲಗ್ ಬರುತ್ತದೆ.