ಸೋಲಾರ್ ಕಾರಂಜಿ ಹಕ್ಕಿಗಳಿಗಾಗಿಯೇ? ಹಾಗಾದರೆ ನಾಝಲ್ ತೆಗೆದಿಡಿ

ನೀರಿನ ಮೇಲೆ ತೇಲುವ ದುಂಡನೆಯ ಸೋಲಾರ್ ಕಾರಂಜಿಯ ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರುವುದು ನೀರು ಎಷ್ಟು ಎತ್ತರ ಚಿಮ್ಮುತ್ತದೆ ಎನ್ನುವ ಲೆಕ್ಕ. 50 ಸೆಂ.ಮೀ. ಅಂತ ಒಂದರಲ್ಲಿ, 70 ಅಂತ ಇನ್ನೊಂದರಲ್ಲಿ. ಕೊಳ್ಳುವವರೂ ಅದನ್ನೇ ನೋಡಿ ಕೊಳ್ಳುತ್ತಾರೆ. ತೋಟಕ್ಕೆ ಹಕ್ಕಿ ಬರಲಿ ಅನ್ನುವುದೇ ನಿಮ್ಮ ಆಸೆಯಾದರೆ ಆ ಅಂಕಿಯನ್ನು ಪೂರ್ತಿ ಮರೆತುಬಿಡಿ. ಅಷ್ಟೆತ್ತರ ಚಿಮ್ಮುವ ನೀರಿನ ಹತ್ತಿರ ಪಿಕಳಾರವೂ ಬರುವುದಿಲ್ಲ, ಮೈನಾವೂ ಬರುವುದಿಲ್ಲ. ಗಾಳಿ ಬೀಸಿದರೆ ಬೋಗುಣಿಯ ನೀರು ಮಧ್ಯಾಹ್ನದೊಳಗೆ ಅರ್ಧಕ್ಕಿಳಿದು ನೆಲವೆಲ್ಲ ಒದ್ದೆ. ಬೋಗುಣಿಯ ಅಡ್ಡಳತೆಯ ಅರ್ಧಕ್ಕಿಂತ ಎತ್ತರ ಚಿಮ್ಮಿದ ನೀರು ಗಾಳಿಗೆ ಸಿಕ್ಕಿ ಹೊರಗೇ ಬೀಳುತ್ತದೆ. ಅಂದರೆ 40 ಸೆಂ.ಮೀ. ಅಗಲದ ಬೋಗುಣಿಗೆ 20 ಸೆಂ.ಮೀ. ಎತ್ತರವೇ ಜಾಸ್ತಿ.

ಅದಕ್ಕಿಂತ ದೊಡ್ಡ ತೊಂದರೆ ಆಳದ್ದು. ಇದು ಈ ಸಾಧನದ ಹುಟ್ಟುಗುಣ. ಹಕ್ಕಿ ನಿಂತು ಮೀಯಬೇಕಾದರೆ ನೀರು ಎರಡೂವರೆಯಿಂದ ಐದು ಸೆಂ.ಮೀ. ಒಳಗಿರಬೇಕು, ಅಂಚಿನಲ್ಲಿ ಇನ್ನೂ ಕಡಿಮೆ. ಬಿಸಿಲಿನಿಂದ ವಿದ್ಯುತ್ ಮಾಡುವ ಪ್ಯಾನೆಲ್ ಇರುವ ತೇಲು ತಟ್ಟೆಯ ಕೆಳಗೆ ಜೋತಿರುವ ಮೋಟರ್‌ಗೋ ಕಡಿಮೆಯೆಂದರೂ ಐದಾರು ಸೆಂ.ಮೀ. ನೀರು ಬೇಕು. ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಗರ್ ಎಂದು ಸದ್ದು ಮಾಡುತ್ತಾ ಬಿಸಿಯಾಗುತ್ತದೆ. ಮೋಟರ್‌ಗೆ ಸಾಕಾಗುವಷ್ಟು ನೀರು ತುಂಬಿದರೆ ಹಕ್ಕಿ ಅಂಚಿನಲ್ಲಿ ಕೂತು ಕುಡಿದು ಹಾರಿಹೋಗುತ್ತದೆ, ಇಳಿಯುವುದಿಲ್ಲ. ಹಕ್ಕಿಗೆ ಹಿಡಿಸುವಷ್ಟು ತುಂಬಿದರೆ ಮೋಟರ್ ಸಾಯುತ್ತದೆ. ಜೊತೆಗೆ 16 ಸೆಂ.ಮೀ.ನ ಆ ಕಪ್ಪು ತಟ್ಟೆ, 30 ಸೆಂ.ಮೀ. ಬೋಗುಣಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ತಾನೇ ತಿನ್ನುತ್ತದೆ. ಹಕ್ಕಿಸ್ನಾನಕ್ಕೆ ಅಂತಲೇ ಮಾರುವ ವಸ್ತುವಿನಲ್ಲಿ ಇಷ್ಟನ್ನೂ ಯೋಚಿಸದೇ ಇರುವುದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ.

ಇದಕ್ಕೆ ಮಾಡಬಹುದಾದ ರಿಪೇರಿ ಹೀಗೆ. 40ರಿಂದ 45 ಸೆಂ.ಮೀ. ಅಗಲದ, ನಡುವೆ ಎಂಟು ಸೆಂ.ಮೀ. ಆಳವಿರುವ ಮಣ್ಣಿನ ಅಥವಾ ಸಿಮೆಂಟ್ ಬೋಗುಣಿ ತನ್ನಿ. ಸಿಮೆಂಟಿನದಾದರೆ ವಾರವಿಡೀ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಸುಣ್ಣದ ಖಾರ ಹೋಗಿಸಬೇಕು. ನಡುವಿನಲ್ಲಿ ತಟ್ಟೆ ಹಿಡಿಸುವಷ್ಟು ಜಾಗ ಬಿಟ್ಟು ಸುತ್ತಲೂ ಒಡೆದ ಮಂಗಳೂರು ಹೆಂಚಿನ ತುಂಡುಗಳನ್ನು ಇಳಿಜಾರಾಗಿ ಜೋಡಿಸಿ: ಅಂಚಿನಲ್ಲಿ ಹೆಂಚಿನ ಮೇಲೆ ಒಂದು ಸೆಂ.ಮೀ. ನೀರು, ತಟ್ಟೆಯ ಪಕ್ಕಕ್ಕೆ ಬರುವಾಗ ನಾಲ್ಕು. ನುಣುಪು ಕಲ್ಲು ಬೇಡ, ಪಾಚಿ ಹಿಡಿದರೆ ಹಕ್ಕಿಯ ಕಾಲು ಜಾರುತ್ತದೆ. ಹೆಂಚಿನ ಒರಟಿನಲ್ಲಿ ಉಗುರು ಹಿಡಿತ ಸಿಗುತ್ತದೆ. ಚೂಪು ಅಂಚುಗಳನ್ನು ಮಾತ್ರ ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳಿ. ಜೋಡಿಸಿದ ಹೆಂಚೇ ತಟ್ಟೆಯನ್ನು ನಡುವಿನಲ್ಲಿ ಹಿಡಿದಿಡುವುದರಿಂದ ಅದು ಅಂಚಿಗೆ ತೇಲಿಹೋಗಿ ನೀರು ಹೊರಗೆ ಚೆಲ್ಲುವ ರಗಳೆಯೂ ತಪ್ಪುತ್ತದೆ. ತಟ್ಟೆಯನ್ನು ಬೋಗುಣಿಗೆ ಅಂಟಿಸಿ ನಿಲ್ಲಿಸಲೆಂದು ಜೊತೆಗೆ ಕೊಡುವ ರಬ್ಬರ್ ಬಟ್ಟಲುಗಳು ಬಿಸಿಲಿಗೆ ಬಿರುಸಾಗಿ ಮಣ್ಣಿನ ಮೈಗೆ ಅಂಟುವುದೇ ಇಲ್ಲ, ಅವನ್ನು ನೆಚ್ಚಿಕೊಳ್ಳಬೇಡಿ.

ಆಮೇಲೆ ನಾಝಲ್, ಅಂದರೆ ನೀರು ಚಿಮ್ಮಲು ನಳಿಕೆಯ ತುದಿಗೆ ಸಿಕ್ಕಿಸುವ ತೂತಿನ ಮುಚ್ಚಳ, ಕಿತ್ತಿಡಿ. ಐದಾರು ಬಗೆ ಕೊಟ್ಟಿರುತ್ತಾರೆ, ಒಂದೂ ಬೇಡ. ಬರಿಯ ನಳಿಕೆಯಿಂದ ನೀರು ಮೂರು ನಾಲ್ಕು ಸೆಂ.ಮೀ. ಉಬ್ಬಿ ತಟ್ಟೆಯ ಮೇಲೆ ಹರಿದು ಗುಳುಗುಳು ಎಂದು ಬೋಗುಣಿಗೆ ಇಳಿಯುತ್ತದೆ.

ಈ ಸಾಧನದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲಿ. ಹಕ್ಕಿಗಳು ನೀರಿಗೆ ಹೆಚ್ಚಾಗಿ ಬರುವುದು ಬೆಳಗಿನ ಎಂಟರಿಂದ ಹತ್ತು, ಸಂಜೆ ನಾಲ್ಕರ ನಂತರ. ಬ್ಯಾಟರಿ ಇಲ್ಲದ ಪ್ಯಾನೆಲ್‌ಗೆ ಆ ಹೊತ್ತಿನ ಓರೆ ಬಿಸಿಲಲ್ಲಿ ಪೂರ್ತಿ ಶಕ್ತಿ ಸಿಗುವುದಿಲ್ಲ. ಮೋಟರ್ ತೆವಳುತ್ತದೆ, ನೀರು ಉಬ್ಬಿ ಉಬ್ಬಿ ನಿಲ್ಲುತ್ತದೆ, ಹನಿ ಹನಿಯಾಗಿ ಸದ್ದು ಮಾಡುತ್ತದೆ. ದೋಷ ಅಂತ ಜನ ದೂರುವ ಈ ಕುಂಟು ನಡೆಯೇ ಹಕ್ಕಿಗಳನ್ನು ಕರೆಯುವುದು. ಮೊದಲು ಪಿಕಳಾರದ ಜೋಡಿ: ಒಂದು ಕಾವಲು ಕೂತರೆ ಇನ್ನೊಂದು ಹೆಂಚಿನ ಮೇಲೆ ಇಳಿದು, ಎದೆ ಅದ್ದಿ, ರೆಕ್ಕೆ ಬಡಿದು, ಬಾಲ ಬಿಚ್ಚಿ ನೀರು ಹಾರಿಸುತ್ತದೆ. ಮೈನಾಗಳು ಬಂದರೆ ಅರ್ಧ ಬೋಗುಣಿ ಖಾಲಿ. ಸೂರಕ್ಕಿ ನೀರಿಗಿಳಿಯುವುದು ಕಡಿಮೆ, ಅದಕ್ಕೆ ಒದ್ದೆ ಎಲೆ ಬೇಕು. ದಾಸವಾಳದ ಒಂದು ರೆಂಬೆ ಬೋಗುಣಿಯ ಮೇಲೆ ಬಾಗಿ ಸಿಡಿಯುವ ಹನಿ ಅದಕ್ಕೆ ತಾಗುವಂತಿದ್ದರೆ, ಸೂರಕ್ಕಿ ಎಲೆಯ ಮೇಲೆ ಮೈ ಉಜ್ಜಿಕೊಂಡು ಮೀಯುವುದನ್ನು ನೋಡಬಹುದು. ಮಡಿವಾಳ ಹಕ್ಕಿ ಕತ್ತಲಾಗುವ ಹೊತ್ತಿಗೆ, ಮೋಟರ್ ನಿಂತ ಮೇಲೆ ಬರುತ್ತದೆ. ಹಾಗಾಗಿ ಬ್ಯಾಟರಿ ಇರುವ ಮಾದರಿಗೆ ದುಪ್ಪಟ್ಟು ಕೊಡಬೇಕಾಗಿಲ್ಲ. ಬಿಸಿಲಲ್ಲಿ ಕಾದ ಪ್ಯಾನೆಲ್‌ನ ಕೆಳಗೇ ಇರುವ ಲಿಥಿಯಂ ಸೆಲ್ ಬೇಗ ಸೊರಗುತ್ತದೆ, ಬದಲಿಸಲು ತೆರೆಯೋಣವೆಂದರೆ ಎಲ್ಲವನ್ನೂ ಅಂಟು ಹಾಕಿ ಮುಚ್ಚಿರುತ್ತಾರೆ.

ದಿನದ ಕೆಲಸ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಬೆಳಿಗ್ಗೆ ನೀರು ತುಂಬುವುದು. ಏಪ್ರಿಲ್ ಬಿಸಿಲಲ್ಲಿ ಆವಿ, ಚೆಲ್ಲುವಿಕೆ, ಮಣ್ಣಿನ ಇಂಗುವಿಕೆ ಎಲ್ಲ ಸೇರಿ ದಿನಕ್ಕೆ ಒಂದು ಸೆಂ.ಮೀ.ಗೂ ಹೆಚ್ಚು ಇಳಿಯುತ್ತದೆ. ಪ್ಯಾನೆಲ್ ಮೇಲೆ ಒದ್ದೆ ಬಟ್ಟೆ ಆಡಿಸುವುದು. ಅದರೊಳಗಿನ ಸೋಲಾರ್ ಸೆಲ್‌ಗಳನ್ನೆಲ್ಲ ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದರ ಮೇಲೆ ಕಾಗೆ ಹಿಕ್ಕೆ ಬಿದ್ದರೂ ಇಡೀ ಕಾರಂಜಿ ನಿಲ್ಲುತ್ತದೆ. ಕೆಟ್ಟಿದೆ ಅಂತ ಮೂಲೆಗೆ ಎಸೆದವುಗಳಲ್ಲಿ ಎಷ್ಟೋ ಇಷ್ಟರಿಂದಲೇ ನಿಂತಿರುತ್ತವೆ. ಕಾಗೆ ಒಣ ಚಪಾತಿ, ಮೂಳೆ ತಂದು ನೆನೆಹಾಕುವುದೂ ಇದೆ. ಆ ದಿನ ನೀರು ಪೂರ್ತಿ ಬದಲಿಸಿ.

ಎರಡು ದಿನಕ್ಕೊಮ್ಮೆ ಎಲ್ಲ ನೀರನ್ನೂ ಗಿಡಗಳಿಗೆ ಸುರಿದು, ಬೋಗುಣಿಯ ಒಳಮೈಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಸೋಪು ಬೇಡ. ಬರೀ ನೀರು ಬದಲಿಸಿದರೆ ಸಾಲದು ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಯ ಮೇಲೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಮೊಟ್ಟೆ ಒಡೆದು ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹರಿಯುವ ನೀರಲ್ಲಿ ಸೊಳ್ಳೆ ಬರಲ್ಲ ಎನ್ನುವ ಅಂಗಡಿಯವರ ಮಾತು ಬಿಸಿಲಿರುವಾಗ ಮಾತ್ರ ನಿಜ. ಮೋಡ ಕವಿದರೆ ನಿಮ್ಮ ಕಾರಂಜಿ ನಿಂತ ನೀರೇ. ಕರ್ನಾಟಕದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಮಾಡಿದ್ದಾರೆ.

ವಾರಕ್ಕೊಮ್ಮೆ ಮೋಟರ್ ಬಿಚ್ಚಿ. ಮುಂದಿನ ಮುಚ್ಚಳ ತಿರುಗಿಸಿದರೆ ಕಳಚುತ್ತದೆ; ಒಳಗಿನ ರೆಕ್ಕೆಚಕ್ರ ಆಯಸ್ಕಾಂತದ ಸೆಳೆತದಲ್ಲಿ ಕೂತಿರುತ್ತದೆ, ಉಗುರಿನಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ನಡುವಿನ ಕಡ್ಡಿಗೆ ಸುತ್ತಿದ ಕೂದಲು, ನಾರು, ಲೋಳೆ ತೆಗೆದು ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿ. ಸ್ಟೀಲ್ ಸ್ಕ್ರಬರ್ ಈ ಸಾಧನದ ಹತ್ತಿರವೂ ಸುಳಿಯಬಾರದು. ಅದರ ಎಳೆ ಮುರಿದು ನೀರಲ್ಲಿ ಉಳಿದರೆ ನೇರ ಆಯಸ್ಕಾಂತಕ್ಕೆ ಅಂಟಿಕೊಂಡು ಚಕ್ರವನ್ನು ಕಚ್ಚಿಹಿಡಿಯುತ್ತದೆ. ಬೋರ್‌ವೆಲ್ ನೀರಾದರೆ ಕಡ್ಡಿಯ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಕಾಲು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಕೂರಿಸಿ. ಪ್ಯಾನೆಲ್ ಮೇಲಿನ ಬಿಳಿ ಕಲೆಗೂ ಇದೇ ದ್ರಾವಣ, ಮೆತ್ತನೆ ಬಟ್ಟೆಯಲ್ಲಿ. ಉಜ್ಜಿ ಗೀರು ಬಿದ್ದರೆ ಮತ್ತೆ ಸರಿಹೋಗದು. ಅಗ್ಗದವುಗಳಲ್ಲಿ ಪ್ಯಾನೆಲ್ ಮೇಲಿನ ರಾಳದ ಲೇಪ ಬಿಸಿಲಿಗೆ ಹಳದಿಯಾಗುತ್ತಾ ಹೋಗುತ್ತದೆ, ಅದಕ್ಕೆ ಮದ್ದಿಲ್ಲ.

ಜಾಗದ ವಿಷಯದಲ್ಲಿ ಒಂದು ಮಾತು. ಬೆಂಗಳೂರು, ಮೈಸೂರಿನ ಕಡೆ ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ. ಮೂರು ಮೀಟರ್ ಗೋಡೆಯ ನೆರಳು ಉತ್ತರಕ್ಕೆ ಎರಡು ಮೀಟರ್‌ಗೂ ಮೀರಿ ಚಾಚುತ್ತದೆ. ಬೇಸಿಗೆಯಲ್ಲಿ ನೋಡಿಟ್ಟ ಜಾಗ ಚಳಿಗಾಲಕ್ಕೆ ಆಗದಿರಬಹುದು. ಬೆಕ್ಕು ಅವಿತು ಕೂರುವ ಪೊದೆಯಿಂದ ಎರಡು ಮೀಟರ್ ದೂರ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿಡಿ. ಕರಾವಳಿ, ಮಲೆನಾಡಿನವರು ಜೂನ್ ಬಂದ ಕೂಡಲೇ ತೊಳೆದು ಒಣಗಿಸಿ ಎತ್ತಿಟ್ಟುಬಿಡಿ.

ತೇಲುವ ಮಾದರಿಯಲ್ಲಿ ಕೊನೆಗೂ ಬಗೆಹರಿಯದೆ ಉಳಿಯುವುದು ನೆರಳಿನ ಪ್ರಶ್ನೆ. ಪ್ಯಾನೆಲ್‌ಗೆ ಸುಡುಬಿಸಿಲು ಬೇಕು, ಹಕ್ಕಿಗೆ ತಂಪು ನೀರು. ಹಾಗಾಗಿ ಎರಡು ಸಾವಿರದ ಆಸುಪಾಸು ಖರ್ಚು ಮಾಡಬಲ್ಲಿರಾದರೆ ಪ್ಯಾನೆಲ್ ಬೇರೆ, ಪಂಪ್ ಬೇರೆ ಇರುವುದನ್ನೇ ಕೊಳ್ಳಿ. ಪ್ಯಾನೆಲ್ ಬಿಸಿಲಲ್ಲಿ, ದಕ್ಷಿಣಕ್ಕೆ ಸುಮಾರು 15 ಡಿಗ್ರಿ ವಾಲಿಸಿ; ಪಂಪ್ ಹೊಂಗೆಯ ನೆರಳಲ್ಲಿ, 15 ಲೀಟರ್ ಬಕೆಟ್ಟಿನೊಳಗೆ. ಬಕೆಟ್ಟಿನ ಬಾಯಿಗೆ ಸೊಳ್ಳೆಪರದೆ ಬಿಗಿದು, ಅದರ ಮೇಲೆ ಕಲ್ಲಿನ ಆಧಾರದಲ್ಲಿ ಮೂರು ಸೆಂ.ಮೀ. ಆಳದ ತಟ್ಟೆ. ತಟ್ಟೆಯ ಅಂಚಿನ ಒಂದು ಕಡೆ ಕಚ್ಚು ಹಾಕಿದರೆ ಪಂಪ್ ತಟ್ಟೆಗೆ ಏರಿಸಿದ ನೀರು ತುಂಬಿ ಅಲ್ಲಿಂದಲೇ ಬಕೆಟ್ಟಿಗೆ ಇಳಿಯುತ್ತದೆ. ಪಂಪ್ ಓಡುವಾಗ ತಟ್ಟೆಯ ಆಳ ಬದಲಾಗದು, ಬಕೆಟ್ಟಿನಲ್ಲಿ ನೀರಿರುವವರೆಗೆ ಮೋಟರ್ ಒಣಗದು. ಪಂಪ್ ಮೇಲೆ ಬರೆದ ಗರಿಷ್ಠ ಎತ್ತರ ಅಂದರೆ ಅಲ್ಲಿಗೆ ಮುಟ್ಟುವಾಗ ಹರಿವು ಸೊನ್ನೆ ಎಂದರ್ಥ. ಒಂದು ಮೀಟರ್ ಎಂದಿದ್ದರೆ ಅರ್ಧ ಮೀಟರ್‌ಗೆ ಮಾತ್ರ ಲೆಕ್ಕ ಹಾಕಿ.

ಐನೂರರಿಂದ ಒಂಬೈನೂರರೊಳಗೆ ಮುಗಿಸಬೇಕು ಎನ್ನುವವರು ತೇಲುವುದನ್ನು ಕೊಂಡು ಹೆಂಚು ಜೋಡಿಸಿ, ಅದಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅದೂ ಬೇಡವೆಂದರೆ ಎರಡು ಲೀಟರ್ ಕ್ಯಾನಿಗೆ ಸಣ್ಣ ನಲ್ಲಿ ಕೂರಿಸಿ ಬೋಗುಣಿಯ ಮೇಲೆ ತೂಗುಹಾಕಿ ಸೆಕೆಂಡಿಗೊಂದು ಹನಿ ಬಿಡಿ. ಇಪ್ಪತ್ತು ಹನಿಗೆ ಒಂದು ಮಿ.ಲೀ. ಲೆಕ್ಕದಲ್ಲಿ ಬೆಳಿಗ್ಗೆ ಏಳಕ್ಕೆ ತುಂಬಿದ್ದು ಸಂಜೆ ಆರರವರೆಗೂ ಬರುತ್ತದೆ. ಆ ಸದ್ದಿಗೂ ಪಿಕಳಾರ ಬರುತ್ತದೆ.