ಆಫರ್ ಲೆಟರ್ ನಂಬಿ ಕೂರಬೇಡಿ, ಇನ್ಶೂರೆನ್ಸ್ ಯಾವತ್ತಿಂದ ಶುರು ಅಂತ ಕೇಳಿ

ಕಾರವಾರ, ಅಂಕೋಲಾ ಕಡೆಯಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಕಂಪನಿ ಸೇರಿದ ದಿನದಿಂದಲೇ ಹೆಲ್ತ್ ಇನ್ಶೂರೆನ್ಸ್ ಸಿಗುತ್ತದೆ ಅಂತ ಸುಮಾರು ಜನ ನಂಬಿಕೊಂಡಿದ್ದಾರೆ. ಎಷ್ಟೋ ಕಡೆ ಹಾಗಿಲ್ಲ.

ನನ್ನ ತಮ್ಮ ಹಳೇ ಕೆಲಸ ಬಿಟ್ಟು ಮಡಗಾಂವ್ ಹತ್ತಿರ ಒಂದು ಕಂಪನಿಗೆ ಸೇರಿದ. ಆಫರ್ ಲೆಟರಲ್ಲಿ ಮೆಡಿಕಲ್ ಇನ್ಶೂರೆನ್ಸ್ ಇದೆ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಸೇರಿ ಇನ್ನೂ ತಿಂಗಳಾಗಿರಲಿಲ್ಲ, ಶಿಫ್ಟ್‌ನಲ್ಲಿದ್ದಾಗಲೇ ಹೊಟ್ಟೆನೋವು ಜೋರಾಗಿ ಜೊತೆಯವರು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಪೆಂಡಿಕ್ಸ್, ಕೂಡಲೇ ಆಪರೇಷನ್ ಆಗಬೇಕು ಅಂದರು. ಇನ್ಶೂರೆನ್ಸ್ ಕೌಂಟರಿನ ಹುಡುಗಿ ಅವನ ಎಂಪ್ಲಾಯಿ ನಂಬರ್ ಎರಡೆರಡು ಸಲ ಹೊಡೆದು ನೋಡಿ, ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, "ಪಾಲಿಸಿ ಇದೆ ಸರ್, ಆದರೆ ಇವರ ಹೆಸರು ಲಿಸ್ಟಲ್ಲಿ ಇಲ್ಲ" ಅಂದಳು.

ಎಚ್‌ಆರ್‌ಗೆ ಫೋನ್ ಮಾಡಿದರೆ, ಹೊಸಬರ ಹೆಸರನ್ನೆಲ್ಲ ತಿಂಗಳ ಕೊನೆಗೆ ಒಟ್ಟಿಗೆ ಕಳಿಸುತ್ತೇವೆ ಅನ್ನುವ ಉತ್ತರ. ಸೇರುವಾಗ ಇದನ್ನು ಒಬ್ಬರೂ ಹೇಳಿರಲಿಲ್ಲ. ಹಳೇ ಕಂಪನಿಯ ಕಾರ್ಡ್ ಮೊಬೈಲಲ್ಲಿ ಇನ್ನೂ ಕಾಣುತ್ತಿತ್ತು, ಆದರೆ ಆ ಕವರ್ ಕೊನೆಯ ಕೆಲಸದ ದಿನಕ್ಕೇ ಮುಗಿದಿತ್ತು. ಅಮ್ಮ ಬಳೆ ತೆಗೆದುಕೊಟ್ಟಳು, ಸೊಸೈಟಿಯಲ್ಲಿ ಅಡ ಇಟ್ಟು ಬಿಲ್ ಕಟ್ಟಿದೆವು. ಆಮೇಲೆ ಹೆಸರು ಸೇರಿತು, ಆದರೆ ಲಿಸ್ಟ್ ಕಳಿಸಿದ ತಾರೀಖಿನಿಂದ, ಹಾಗಾಗಿ ರೀಇಂಬರ್ಸ್‌ಮೆಂಟೂ ಆಗಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ವಿಷಯ ಏನೆಂದರೆ, ಆಫರ್ ಲೆಟರ್ ಕಂಪನಿ ನಿಮಗೆ ಕೊಟ್ಟ ಮಾತು ಅಷ್ಟೇ. ಪಾಲಿಸಿ ಇರುವುದು ಕಂಪನಿ ಮತ್ತು ವಿಮಾ ಕಂಪನಿ ನಡುವೆ. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮೊದಲೇ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ಅದಕ್ಕೇ ಕಂಪನಿಗಳು ವಿಮೆಯವರ ಹತ್ತಿರ ಮುಂಗಡ ದುಡ್ಡು ಇಟ್ಟಿರುತ್ತವೆ, ಹೊಸಬರು ಸೇರಿದ ಹಾಗೆ ಅದರಿಂದ ಕಳೆಯುತ್ತಾ ಹೋಗುತ್ತದೆ. ಆ ದುಡ್ಡು ಖಾಲಿಯಾಗಿದ್ದರೆ ನಿಮ್ಮ ಹೆಸರು ಲಿಸ್ಟಿಗೆ ಸೇರದೆ ನಿಂತುಬಿಡುತ್ತದೆ. ಕೆಲವು ಕಂಪನಿಗಳು ಸೇರಿದ ದಿನದಿಂದಲೇ ಕೊಡುತ್ತವೆ, ಕೆಲವು ಪ್ರೊಬೇಷನ್ ಮುಗಿದ ಮೇಲೆ.

ಹಾಗಾಗಿ ಸೇರಿದ ವಾರದಲ್ಲೇ ಎಚ್‌ಆರ್‌ಗೆ ಮೇಲ್ ಹಾಕಿ: ನನ್ನ ಕವರ್ ಯಾವ ತಾರೀಖಿನಿಂದ, ಇ-ಕಾರ್ಡ್ ಯಾವಾಗ ಬರುತ್ತದೆ? ಬಾಯಿಮಾತಲ್ಲಿ ಬೇಡ, ಮೇಲಲ್ಲೇ ಉತ್ತರ ತಗೊಳ್ಳಿ. ಕಾರ್ಡ್ ಬಂದರೆ ಅದರಲ್ಲಿರುವ ತಾರೀಖು ನೋಡಿ. ನಿಮ್ಮದೇ ಸ್ವಂತ ಪಾಲಿಸಿ ಇದ್ದರೆ ಹೊಸ ಕೆಲಸ ಸಿಕ್ಕಿತು ಅಂತ ಬಿಡಬೇಡಿ, ಯಾಕೆಂದರೆ ಮತ್ತೆ ಹೊಸದಾಗಿ ಮಾಡಿಸಿದರೆ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಿಗಲ್ಲ. ನಮ್ಮ ಜಿಲ್ಲೆಯವರಿಗೆ ಇದು ಜಾಸ್ತಿ ಮುಖ್ಯ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವವರು ನಾವು, ಅಲ್ವಾ?

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಕಂಪನಿ ಇಎಸ್‌ಐಗೆ (ಕೆಲಸಗಾರರಿಗಾಗಿ ಇರುವ ಸರ್ಕಾರಿ ವಿಮಾ ಯೋಜನೆ) ಬರುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಚಿಕಿತ್ಸೆಯ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ. ಸಂಬಳದಲ್ಲಿ 0.75 ಶೇಕಡಾ ಹಿಡಿಯುತ್ತಿದ್ದರೆ ಇಎಸ್‌ಐ ನಂಬರ್ ಕೇಳಿ ತಗೊಳ್ಳಿ.

ಹೆಂಡತಿ, ಮಕ್ಕಳು, ಅಪ್ಪ ಅಮ್ಮನ ಹೆಸರನ್ನು ಸೇರುವಾಗಲೇ ಕೊಟ್ಟುಬಿಡಿ. ಅಪ್ಪ ಅಮ್ಮಂದು ಆಗ ಬಿಟ್ಟುಹೋದರೆ ಹೆಚ್ಚಿನ ಕಡೆ ಮುಂದಿನ ರಿನ್ಯೂವಲ್‌ವರೆಗೆ ಸೇರಿಸಿಕೊಳ್ಳಲ್ಲ.